ಒಂದೇ ಗೆರೆಯಲ್ಲಿ ಎದುರುಬದುರು ಬರುವ ವಿಮಾನಗಳು: ನಮ್ಮ ತಲೆ ಮೇಲಿನ ಆಕಾಶ ಯಾರ ಕೈಯಲ್ಲಿದೆ?

ಕುಮಟಾದವ:
ಸಂಜೆ ಹೊತ್ತು ನಮ್ಮ ಅಂಗಳದಿಂದ ವಿಮಾನಗಳ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ಮೊನ್ನೆ ಒಂದು ದಕ್ಷಿಣಕ್ಕೆ ಹೋಗುತ್ತಿತ್ತು, ಇನ್ನೊಂದು ಅದೇ ದಾರಿಯಲ್ಲಿ ಎದುರಿಗೆ ಬಂತು. ಮೊಬೈಲ್‌ನಲ್ಲಿ ಫ್ಲೈಟ್‌ರಾಡಾರ್ ತೆಗೆದರೆ ಎರಡೂ ಹಳದಿ ಚಿತ್ರ ಒಂದರ ಮೇಲೊಂದು ಕೂತಿವೆ! ಡಿಕ್ಕಿ ಆಗಲ್ವಾ ಅಂತ ಮಗಳು ಕೇಳಿದಳು, ಸರಿಯಾದ ಉತ್ತರ ಕೊಡಬೇಕು ಅಂತ ಇಲ್ಲಿ ಕೇಳುತ್ತಿದ್ದೇನೆ. ಪೈಲಟ್ ಕಣ್ಣಿಂದ ನೋಡಿ ತಪ್ಪಿಸುತ್ತಾರಾ, ಇಲ್ಲಾ ಕೆಳಗೆ ಕೂತವರು ಹೇಳುತ್ತಾರಾ? ನಮಗೆ ಹತ್ತಿರ ಇರೋದು ಗೋವಾ, ಹುಬ್ಬಳ್ಳಿ. ಇಲ್ಲಿನ ಆಕಾಶ ಅವರದ್ದಾ?

ನಿವೃತ್ತ_ಕಂಟ್ರೋಲರ್:
ಕಣ್ಣಿಂದ ನೋಡಿ ತಪ್ಪಿಸುತ್ತೇನೆ ಅಂದರೆ ಸಮಯವೇ ಸಾಲುವುದಿಲ್ಲ. ಎದುರುಬದುರು ಬರುವ ಎರಡು ಜೆಟ್‌ಗಳ ವೇಗ ಸೇರಿಸಿದರೆ ಗಂಟೆಗೆ ಸುಮಾರು 1,800 ಕಿ.ಮೀ., ಅಂದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್. 10 ಕಿ.ಮೀ. ದೂರದಲ್ಲಿ ಕಂಡರೂ ಕೈಯಲ್ಲಿ ಉಳಿಯೋದು 20 ಸೆಕೆಂಡು. ಅದಕ್ಕೇ ಅಂತರವನ್ನು ಬಹಳ ಮೊದಲೇ ಗೊತ್ತು ಮಾಡಿರುತ್ತಾರೆ.

ನೀವು ನೋಡಿದ್ದು ಮುಂಬೈ–ಕೊಚ್ಚಿ ಕಡೆಯ ವಿಮಾನಗಳೇ ಇರಬೇಕು. ಆ ಎರಡು ಊರಿನ ನಡುವೆ ನೇರ ಗೆರೆ ಎಳೆದರೆ ಅದು ಕುಮಟಾ–ಶಿರಸಿ ನಡುವೆಯೇ ಹಾಯುತ್ತದೆ. ಉತ್ತರದಿಂದ ಪೂರ್ವದ ಮೂಲಕ ದಕ್ಷಿಣದವರೆಗಿನ ಅರ್ಧಕ್ಕೆ ಮುಖ ಮಾಡಿದವರಿಗೆ ಬೆಸ ಎತ್ತರ, ಉಳಿದರ್ಧಕ್ಕೆ ಸಮ ಎತ್ತರ. ಹಾಗಾಗಿ ದಕ್ಷಿಣಕ್ಕೆ ಕೊಚ್ಚಿ ಕಡೆ ಹೋಗುವವರು 33, 35, 37 ಸಾವಿರ ಅಡಿಯಲ್ಲಿ, ಮುಂಬೈಗೆ ಬರುವವರು 34, 36 ಸಾವಿರದಲ್ಲಿ. ನಡುವೆ 1,000 ಅಡಿ, ಹತ್ತಿರ ಹತ್ತಿರ 300 ಮೀಟರ್. ಹತ್ತು ಕಿಲೋಮೀಟರ್ ಮೇಲಿನ ವಸ್ತುವಿನಲ್ಲಿ ಅಷ್ಟು ವ್ಯತ್ಯಾಸ ಅಂಗಳದಿಂದ ಕಾಣೋದೇ ಇಲ್ಲ, ಆ್ಯಪ್‌ನ ಚಿತ್ರವಂತೂ ನಿಜವಾದ ವಿಮಾನಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಮೊದಲು 29,000 ಅಡಿ ಮೇಲೆ 2,000 ಅಡಿ ಬಿಡಬೇಕಿತ್ತು, ಎತ್ತರ ಅಳೆಯುವ ಉಪಕರಣ ಅಷ್ಟು ನಿಖರ ಇರಲಿಲ್ಲ. ನಮ್ಮಲ್ಲಿ 2003ರ ನವೆಂಬರ್‌ನಿಂದ 1,000 ಸಾಕಾಯಿತು.

ಆದರೆ ಈ ಸಮ-ಬೆಸ ಲೆಕ್ಕ ಎಲ್ಲದಕ್ಕೂ ಸಾಲದು. ಬೆಂಗಳೂರಿನಿಂದ ದುಬೈಗೆ ಹೋಗುವುದೂ ಪಶ್ಚಿಮಕ್ಕೇ, ಕೊಚ್ಚಿಯಿಂದ ಮುಂಬೈಗೆ ಹೋಗುವುದೂ ಆ ಅರ್ಧಕ್ಕೇ. ಎರಡಕ್ಕೂ ಸಮ ಎತ್ತರ, ದಾರಿ ಒಂದನ್ನೊಂದು ಕತ್ತರಿಸುತ್ತದೆ. ಇಲ್ಲಿ ಕಂಟ್ರೋಲರ್, ಅಂದರೆ ನೀವು ಹೇಳಿದ ಕೆಳಗೆ ಕೂತವರು, ತಲೆ ಓಡಿಸಬೇಕು: ಒಂದನ್ನು 34ರಲ್ಲಿ, ಇನ್ನೊಂದನ್ನು 36ರಲ್ಲಿ ಇಡಬೇಕು, ಇಲ್ಲದಿದ್ದರೆ ಸ್ವಲ್ಪ ತಿರುಗಿಸಿ ಹಿಂದಿನಿಂದ ದಾಟಿಸಬೇಕು. ರಾಡಾರ್ ಇದ್ದಲ್ಲಿ ಮಾರ್ಗಮಧ್ಯೆ ಕನಿಷ್ಠ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿ.ಮೀ., ಕಾರವಾರ ಪೇಟೆಯಿಂದ ಅರಗಾ ದಾಟಿ ಅಮದಳ್ಳಿ ಕಡೆಗೆ ಹೋದಷ್ಟು ದೂರ. ಅರಬ್ಬೀ ಸಮುದ್ರದ ಮೇಲೆ ದೂರ ಹೋದ ಮೇಲೆ ರಾಡಾರ್ ಎಟುಕುವುದಿಲ್ಲ, ಅಂತರ ಇನ್ನೂ ಜಾಸ್ತಿ ಬೇಕು.

ಇನ್ನು ಆಕಾಶ ಯಾರದ್ದು ಅಂತ ಕೇಳಿದ್ದೀರಿ. ಗೋವಾ, ಹುಬ್ಬಳ್ಳಿ ಟವರ್‌ನವರು ತಮ್ಮಲ್ಲಿ ಏರುವ, ಇಳಿಯುವ ವಿಮಾನ ನೋಡುತ್ತಾರೆ. ಅಷ್ಟು ಮೇಲೆ ಹಾಯುವವು ಮುಂಬೈ, ಚೆನ್ನೈನಂಥ ದೊಡ್ಡ ಕೇಂದ್ರಗಳ ಕೈಯಲ್ಲಿ. ನನ್ನ ಕೇಳಿದರೆ ಇಡೀ ಕೆಲಸದ ಜೀವ ಇರೋದು ಅವರ ನಡುವಿನ ಹಸ್ತಾಂತರದಲ್ಲಿ. ಕೊಂಕಣ ರೈಲ್ವೆಯಲ್ಲಿ ಮುಂದಿನ ಸ್ಟೇಷನ್ ಲೈನ್ ಕ್ಲಿಯರ್ ಕೊಡದೆ ಗಾಡಿ ಬಿಡಲ್ಲ, ಅಲ್ವಾ? ಇಲ್ಲೂ ಹಾಗೇ. ವಿಮಾನ ಗಡಿಗೆ ಬರುವ ಮೊದಲೇ ಈಚೆಯವರು ಆಚೆಯವರಿಗೆ ಫೋನ್ ಮಾಡಿ ಹೇಳುತ್ತಾರೆ: ಇಂಥ ವಿಮಾನ, ಇಷ್ಟು ಗಂಟೆಗೆ, ಇಂಥ ಬಿಂದುವಿನ ಮೇಲೆ, ಇಷ್ಟು ಎತ್ತರದಲ್ಲಿ ಬರುತ್ತದೆ. ಅವರು ಒಪ್ಪಿದ ಮೇಲೆ ಎತ್ತರ ಬದಲಾಯಿಸಬೇಕಾದರೆ ಮತ್ತೆ ಕೇಳಲೇಬೇಕು. ಪೈಲಟ್ ಆಚೆಯವರ ರೇಡಿಯೋ ಫ್ರೀಕ್ವೆನ್ಸಿಗೆ ಹೋಗಿ ಮೊದಲ ಮಾತಿನಲ್ಲೇ ತನ್ನ ಎತ್ತರ ಹೇಳುತ್ತಾನೆ. ಕೊಟ್ಟ ಸೂಚನೆಯನ್ನು ಪೈಲಟ್ ತಿರುಗಿ ಓದಿ ಹೇಳಬೇಕು, ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು. ಸುಮ್ನೆ ‘ಸರಿ’ ಅಂದರೆ ನಡೆಯಲ್ಲ.

ಬೈತಖೋಲ್:
ಒಳ್ಳೇ ವಿವರಣೆ. ನಮ್ಮ ಕಡೆ ನೌಕಾಪಡೆಯದ್ದೂ ಒಂದು ಲೆಕ್ಕ ಇದೆ ಅನ್ನೋದು ಮರೆಯಬೇಡಿ. ಗೋವಾದ ಹಳೇ ನಿಲ್ದಾಣ ದಾಬೋಲಿಂ ಅಂದರೆ ನೌಕಾಪಡೆಯ ನೆಲೆ ಐಎನ್‌ಎಸ್ ಹನ್ಸಾ, ಅಲ್ಲಿ ಟವರ್ ನಡೆಸುವುದು ನೌಕಾಪಡೆ. 2023ರ ಜನವರಿಯಲ್ಲಿ ಗೋವಾದ ಎರಡನೇ ನಿಲ್ದಾಣ ಮೋಪಾ ಶುರುವಾಯಿತು, ಅಲ್ಲಿ ಟವರ್‌ನಲ್ಲಿರುವುದು ಏರ್‌ಪೋರ್ಟ್ಸ್ ಅಥಾರಿಟಿಯವರು. ಎರಡರ ನಡುವೆ ನೇರ ಗೆರೆಯಲ್ಲಿ ಸುಮಾರು 40 ಕಿ.ಮೀ. ಅಷ್ಟೇ. ಇವರು ಒಬ್ಬರಿಗೊಬ್ಬರು ಹೇಳದೆ ಒಂದು ವಿಮಾನವನ್ನೂ ಆಚೀಚೆ ಮಾಡೋಕಾಗಲ್ಲ. ಮುಂದೆ ಅಂಕೋಲಾದ ಅಲಗೇರಿಯಲ್ಲಿ ನಿಲ್ದಾಣ ಬಂದರೆ ಇನ್ನೂ ಒಬ್ಬರು ಸೇರುತ್ತಾರೆ.

ಘಟ್ಟದಮೇಲೆ:
ಇಷ್ಟೆಲ್ಲ ಫೋನ್ ಯಾಕೆ? ವಿಮಾನದಲ್ಲೇ ಡಿಕ್ಕಿ ತಪ್ಪಿಸುವ ಯಂತ್ರ ಟಿಕ್ಯಾಸ್ ಇದೆಯಲ್ಲ, ಎದುರಿಗೆ ವಿಮಾನ ಬಂದರೆ ಅದೇ ‘ಏರು’, ‘ಇಳಿ’ ಅಂತ ಹೇಳುತ್ತದೆ.

ನಿವೃತ್ತ_ಕಂಟ್ರೋಲರ್:
ಅದು ಕೊನೇ ಗಳಿಗೆಯ ಉಪಾಯ, ಅದನ್ನೇ ನಂಬಿ ಕೂರಬಾರದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಝಕ್ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಸೌದಿ ವಿಮಾನಕ್ಕೆ 14,000 ಅಡಿ, ಕಝಕ್ ವಿಮಾನಕ್ಕೆ 15,000 ಕೊಟ್ಟಿದ್ದರು. ಕಝಕ್ ವಿಮಾನ 15ರಲ್ಲಿ ನಿಲ್ಲದೆ ಕೆಳಗೆ ಇಳಿಯಿತು. ಆಗ ದೆಹಲಿಯಲ್ಲಿ ಆಕಾಶದ ಬಹುಪಾಲು ವಾಯುಪಡೆಯದ್ದು, ಬರುವವರಿಗೂ ಹೋಗುವವರಿಗೂ ಒಂದೇ ದಾರಿ. ಟಿಕ್ಯಾಸ್ ನಮ್ಮಲ್ಲಿ ಕಡ್ಡಾಯವಾಗಿದ್ದು ಅದಾದ ಮೇಲೆ.

ಟಿಕ್ಯಾಸ್ ಇದ್ದೂ ಆದದ್ದು 2002ರ ಜುಲೈ 1ರ ರಾತ್ರಿ, ಜರ್ಮನಿಯ ಉಬರ್ಲಿಂಗೆನ್‌ನಲ್ಲಿ. ಒಂದು ವಿಮಾನಕ್ಕೆ ಯಂತ್ರ ‘ಏರು’ ಅಂತು, ಕಂಟ್ರೋಲರ್ ‘ಇಳಿ’ ಅಂದ. ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಇನ್ನೊಂದಕ್ಕೆ ಯಂತ್ರವೇ ‘ಇಳಿ’ ಅಂದಿತ್ತು. 71 ಜನ ಹೋದರು. ನನ್ನ ಮನಸ್ಸಿನಿಂದ ಹೋಗದ ವಿಷಯ ಬೇರೆ: ಆ ಆಕಾಶ ನೋಡುತ್ತಿದ್ದ ಜ್ಯೂರಿಕ್ ಕೇಂದ್ರದ ಮುಖ್ಯ ಫೋನ್ ಲೈನ್ ರಿಪೇರಿಗೆಂದು ಬಂದ್ ಆಗಿತ್ತು. ಪಕ್ಕದ ಕಾರ್ಲ್ಸ್‌ರೂಹೆ ಕೇಂದ್ರದವರು ಅಪಾಯ ಕಂಡು ಕರೆ ಮಾಡುತ್ತಲೇ ಇದ್ದರು, ಲೈನ್ ಸಿಗಲಿಲ್ಲ. ಫೋನ್ ಯಾಕೆ ಅಂದಿರಲ್ಲ, ಇದಕ್ಕೆ. ಯಂತ್ರ ಹೇಳಿದರೆ ಯಂತ್ರದ ಮಾತನ್ನೇ ಪಾಲಿಸಬೇಕು, ಕಂಟ್ರೋಲರ್‌ಗೆ ತಿಳಿಸಬೇಕು ಅನ್ನೋದು ಅದಾದ ಮೇಲೆ ಖಚಿತವಾಯಿತು.

ಕುಮಟಾದವ:
ಮಗಳಿಗೆ ಓದಿ ಹೇಳಿದೆ. ಅವಳದ್ದೇ ಇನ್ನೊಂದು ಪ್ರಶ್ನೆ: ಮಳೆಗಾಲದಲ್ಲಿ ಘಟ್ಟದ ಮೇಲೆ ಅಷ್ಟು ಮೋಡ ಇರುತ್ತದೆ, ದಾರಿ ಬಿಟ್ಟು ಹೋಗಬೇಕಾದರೆ?

ನಿವೃತ್ತ_ಕಂಟ್ರೋಲರ್:
ಕೇಳಿಯೇ ಹೋಗುತ್ತಾರೆ. ‘ಎಡಕ್ಕೆ 15 ಮೈಲಿ ಬೇಕು’ ಅಂತ ಪೈಲಟ್ ಕೇಳುತ್ತಾನೆ. ಆ ಕಡೆ ಯಾರಿದ್ದಾರೆ ನೋಡಬೇಕು. ಅದು ನೌಕಾಪಡೆ ಅಭ್ಯಾಸಕ್ಕೆ ಮುಚ್ಚಿಟ್ಟ ಜಾಗದ ಕಡೆಯಾದರೆ ಅವರನ್ನೂ ಕೇಳಬೇಕು, ಪಕ್ಕದ ಸೆಕ್ಟರ್, ಅಂದರೆ ಆಕಾಶದ ಪಕ್ಕದ ಭಾಗ ನೋಡುವವರಿಗೂ ಹೇಳಬೇಕು. ಒಂದು ವಿಮಾನ ಬಾಗಿದರೆ ಹಿಂದೆ ಬರುವವರೂ ಅದನ್ನೇ ಕೇಳುತ್ತಾರೆ. ಜೂನ್, ಜುಲೈ ಪಾಳಿಗಳಲ್ಲಿ ನಮಗೆ ಜಾಸ್ತಿ ಕೆಲಸ ಕೊಡೋದು ಇದೇ.