ಆಟಿಸಂ, ಎಡಿಎಚ್‌ಡಿ ಇರುವವರಿಗೆ ರೋಲ್‌ಪ್ಲೇಯಿಂಗ್ ಗೇಮ್ ನಡೆಸುವುದು ಹೇಗೆ? ಅದು ಥೆರಪಿ ಆಗುವುದು ಯಾವಾಗ?

ಪ್ರಶ್ನೆ (ಹೊಸ ಗೇಮ್ ಮಾಸ್ಟರ್)

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ನಾನು ಎರಡು ವರ್ಷಗಳಿಂದ ಗೇಮ್ ಮಾಸ್ಟರ್ ಆಗಿ, ಎಂದರೆ ಕಥೆ ಹೇಳುವವನಾಗಿ, ನಡೆಸುತ್ತಿದ್ದೇನೆ. ಈಗಿನ ಐವರು ಆಟಗಾರರಲ್ಲಿ ಇಬ್ಬರಿಗೆ ಆಟಿಸಂ, ಒಬ್ಬರಿಗೆ ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ ಸ್ಥಿತಿ) ಇದೆ. ಕಳೆದ ವಾರ ಕಾಳಗದ ನಡುವೆ, ಎಲ್ಲರನ್ನೂ ಕೇಳುವಂತೆಯೇ ಒಬ್ಬರನ್ನು "ಈಗ ಏನು ಮಾಡುತ್ತೀರಿ?" ಎಂದು ಕೇಳಿದೆ. ಅವರು ತಮ್ಮ ಪಾತ್ರದ ವಿವರ ಬರೆದ ಹಾಳೆಯಿಂದ (ಕ್ಯಾರೆಕ್ಟರ್ ಶೀಟ್) ಕಣ್ಣು ತೆಗೆಯದೆ ಕುಳಿತರು. ಉಳಿದವರು ಒಬ್ಬರ ಮೇಲೊಬ್ಬರು ಸಲಹೆ ಕೊಡತೊಡಗಿದೊಡನೆ ಎದ್ದು ಹೊರಗೆ ಹೋದರು. ರಾತ್ರಿ, "ಆಟ ಇಷ್ಟ, ಆ ಪ್ರಶ್ನೆ ಬಂದಾಗ ಮಾತ್ರ ತಲೆ ಖಾಲಿಯಾಗುತ್ತದೆ" ಎಂದು ಸಂದೇಶ ಕಳುಹಿಸಿದರು. ಈ ನಡುವೆ ಗುಂಪಿನಲ್ಲಿರುವ ಹದಿನೇಳರ ಹುಡುಗನ ತಾಯಿ, ಆಟ ಮಗನಿಗೆ ಥೆರಪಿಯಂತೆ ಒದಗುತ್ತಿದೆಯೆಂದೂ, ಎದುರಿನವರ ಮುಖ ನೋಡಿ ಮಾತಾಡುವುದನ್ನೂ ಅವನಿಗೆ ಕಲಿಸಬೇಕೆಂದೂ ಕೇಳಿಕೊಂಡಿದ್ದಾರೆ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಆಟದಲ್ಲಿ ಏನನ್ನು ಬದಲಿಸಲಿ, ಆ ತಾಯಿಗೆ ಏನು ಹೇಳಲಿ?

ಉತ್ತರ (ಇಪ್ಪತ್ತು ಮುಖ)

ಮೊದಲು ಆ ಪ್ರಶ್ನೆಯನ್ನೇ ಬದಲಿಸಿ. "ಏನು ಮಾಡುತ್ತೀರಿ?" ಎಂದಾಗ ನಕ್ಷೆ, ಶತ್ರುಗಳು, ಮಂತ್ರಗಳ ಪಟ್ಟಿ ಎಲ್ಲವನ್ನೂ ಒಮ್ಮೆಗೇ ತಲೆಯಲ್ಲಿ ಹಿಡಿದುಕೊಳ್ಳಬೇಕಾಗುತ್ತದೆ. "ಸೇತುವೆ ಕುಸಿಯುತ್ತಿದೆ, ಓಡಬಹುದು, ಹಗ್ಗ ಹಿಡಿಯಬಹುದು, ಅಥವಾ ನಿಮಗೆ ತೋಚಿದ್ದನ್ನು ಮಾಡಬಹುದು" ಎಂದರೆ ಹೊರೆ ಇಳಿಯುತ್ತದೆ. ಹೆಸರು ಬರೆದ ಮಡಿಸಿದ ಕಾರ್ಡ್‌ಗಳನ್ನು ಸರದಿಯ ಕ್ರಮದಲ್ಲಿ ನೀವು ನಿಮ್ಮ ಮುಂದೆ ನಿಲ್ಲಿಸಿಕೊಳ್ಳುವ ರಟ್ಟಿನ ಪರದೆಯ ಮೇಲೆ ಸಿಕ್ಕಿಸಿ, ಮುಂದಿನವರಿಗೆ ಒಂದು ಸರದಿ ಮೊದಲೇ ತಿಳಿಸಿ. ಏನೂ ತೋಚದಿದ್ದಾಗ ಪಾತ್ರ ಏನು ಮಾಡುತ್ತದೆಂಬುದನ್ನು ಮೊದಲೇ ಬರೆದಿಡಲು ಹೇಳಿ. ಕೇಳದೆ ಸಲಹೆ ಕೊಡುವುದನ್ನು ಮಾತ್ರ ಖಂಡಿತ ನಿಲ್ಲಿಸಬೇಕು.

ಎಡಿಎಚ್‌ಡಿ ಇರುವವರಿಗೆ ಕಷ್ಟವಾಗುವುದು ಹೆಚ್ಚಾಗಿ ಕಾಯುವುದು. ಶತ್ರುಗಳ ಪೆಟ್ಟಿನ ಲೆಕ್ಕವನ್ನೋ ನಕ್ಷೆ ಬಿಡಿಸುವ ಕೆಲಸವನ್ನೋ ಅವರ ಕೈಗೆ ಕೊಡಿ. ಲೆಕ್ಕ ಕಷ್ಟವೆನ್ನುವವರಿದ್ದರೆ, ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರದ ಪೆಟ್ಟಿಗೆ ಆರು ಮುಖದ ಎಂಟು ದಾಳಗಳನ್ನು ಕೂಡಿಸುವ ಬದಲು ಸರಾಸರಿ 28 ಎಂದು ಇಟ್ಟುಕೊಂಡರೆ ಆಟಕ್ಕೇನೂ ಕುಂದಿಲ್ಲ. ಬರಿಯ ಮರದ ಮೇಜಿನ ಮೇಲೆ ಲೋಹದ ದಾಳ ಉರುಳುವ ಸದ್ದು ಕೆಲವರಿಗೆ ಕಿವಿಗೇ ಹೊಡೆದಂತಿರುತ್ತದೆ; ಬಟ್ಟೆ ಹಾಸಿದ ತಟ್ಟೆ ಸಾಕು.

ಉತ್ತರ (ಮೌನಿ)

ನಾನು ಆಟಿಸಂ ಇರುವ ಆಟಗಾರ್ತಿ. ಸಾಮಾನ್ಯ ಹರಟೆಯಲ್ಲಿ ಯಾರ ಸರದಿ ಎಂಬುದನ್ನು ಯಾರೂ ಹೇಳುವುದಿಲ್ಲ. ಈ ಮೇಜಿನಲ್ಲಿ ಹೇಳುತ್ತಾರೆ, ನನ್ನ ಮಾತು ನಾಟಿತೋ ಇಲ್ಲವೋ ಎಂಬುದನ್ನು ಎದುರಿನವರ ಮುಖದ ಬದಲು ದಾಳ ತಿಳಿಸುತ್ತದೆ. ಆ ನೆಮ್ಮದಿಗಾಗಿಯೇ ಬರುವವರಿಗೆ ಮುಖ ನೋಡಿ ಮಾತಾಡುವ ಪಾಠ ಮಾಡಬೇಡಿ. ಆಟಿಸಂ ಇರುವವರಿಗೂ ಇಲ್ಲದವರಿಗೂ ಪರಸ್ಪರ ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು, ತಮಗೂ ಆಟಿಸಂ ಇರುವ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದಿದ್ದಾರೆ. ಪಾತ್ರದ ಧ್ವನಿಯಲ್ಲಿ ನಟಿಸುವಂತೆಯೂ ಒತ್ತಾಯ ಬೇಡ. "ನನ್ನ ಯೋಧೆ ಕ್ಷಮೆ ಕೇಳುತ್ತಾಳೆ" ಎಂದರೂ ಅದು ಪಾತ್ರ ನಿರ್ವಹಣೆಯೇ.

ಎಕ್ಸ್ ಕಾರ್ಡ್ (ಹಿತವೆನಿಸದ ಸನ್ನಿವೇಶವನ್ನು ನಿಲ್ಲಿಸಲು ಯಾರಾದರೂ ಮುಟ್ಟಬಹುದಾದ, ಮೇಜಿನ ಮೇಲಿಡುವ ಕಾರ್ಡ್) ಒಳ್ಳೆಯದು, ಆದರೆ ಮಾತೇ ಹೊರಡದ ಹೊತ್ತಿನಲ್ಲಿ ಎಲ್ಲರೆದುರು ಕೈಚಾಚಿ ಅದನ್ನು ಮುಟ್ಟುವುದೂ ನನಗೆ ಆಗುವುದಿಲ್ಲ. ಕಾರಣ ಕೇಳದೆ ಎದ್ದುಹೋಗಿ ಮರಳುವ ಅನುಮತಿಯನ್ನು ಸೆಷನ್ ಝೀರೋದಲ್ಲೇ, ಎಂದರೆ ಆಟ ಶುರುವಾಗುವ ಮುನ್ನ ಎಲ್ಲರೂ ಕೂತು ಮಾತಾಡಿಕೊಳ್ಳುವ ಸಭೆಯಲ್ಲೇ, ಕೊಟ್ಟುಬಿಡಿ.

ಉತ್ತರ (ಆಪ್ತಸಮಾಲೋಚಕಿ)

ಗೇಮ್ ಟು ಗ್ರೋ ಎಂಬ ಅಮೆರಿಕದ ಸಂಸ್ಥೆಯಂತೆ ಈ ಆಟಗಳನ್ನು ಚಿಕಿತ್ಸೆಯ ಉದ್ದೇಶಕ್ಕೆ ಬಳಸುವವರು ಇದ್ದಾರೆ. ಆದರೆ ಆಟ ಥೆರಪಿಯಾಗುವುದು, ತರಬೇತಿ ಪಡೆದವರು ಭಾಗವಹಿಸುವವರೊಡನೆ ಗುರಿಯನ್ನು ಮಾತಾಡಿಕೊಂಡು, ಅವರ ಒಪ್ಪಿಗೆ ಪಡೆದು, ಗೋಪ್ಯತೆ ಕಾಪಾಡಿ, ಯಾರಾದರೂ ಕುಸಿದಾಗ ಏನು ಮಾಡಬೇಕೆಂಬ ಸಿದ್ಧತೆಯೊಡನೆ ನಡೆಸಿದಾಗ. ಒಳ್ಳೆಯ ಮೇಜಿನಿಂದ ಮನಸ್ಸಿಗೆ ಹಿತವಾಗಬಹುದು. ಅದು ಬೇರೆ ಮಾತು. ಆ ತಾಯಿಗೆ, "ಅವನಿಗೆ ಆಟ ಹಿಡಿಸಿದ್ದು ನನಗೂ ಸಂತೋಷ, ಆದರೆ ನಾನು ಚಿಕಿತ್ಸಕನಲ್ಲ" ಎಂದು ಹೇಳಿ, ಮೇಜಿನಲ್ಲಿ ನಡೆದದ್ದನ್ನು ಅವರಿಗೆ ವರದಿ ಮಾಡುವ ರೂಢಿಯನ್ನೂ ಹಚ್ಚಿಕೊಳ್ಳಬೇಡಿ. ಆಟಗಾರರೊಬ್ಬರ ನಿಜಜೀವನದ ನೋವು ನಿಮಗೆ ಗೊತ್ತಿದ್ದರೆ, ಒಳ್ಳೆಯದಾಗಲೆಂದು ಅದನ್ನು ಕಥೆಗೆ ತರುವುದಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು

ಕಾರ್ಡ್‌ಗಳನ್ನು ಮಡಿಸಿಟ್ಟಿದ್ದೇನೆ, ತಾಯಿಯೊಡನೆ ನಾಳೆ ಮಾತಾಡುತ್ತೇನೆ. ಅಂದು ಎದ್ದುಹೋದವರನ್ನು, ಏನೂ ತೋಚದಿದ್ದಾಗ ನಿಮ್ಮ ಪಾತ್ರ ಏನು ಮಾಡಲಿ ಎಂದು ಸಂದೇಶದಲ್ಲೇ ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಗುರಾಣಿ ಎತ್ತಿ, ಪಕ್ಕದಲ್ಲಿರುವವರ ಮುಂದೆ ನಿಲ್ಲುತ್ತದೆ."