ಹದಿನಾಲ್ಕು ಸಾವಿರದ ಎಸ್ಟಿಮೇಟ್ ಕೊಟ್ಟಿದ್ದಾರೆ, ಗಾಡಿ ಎತ್ತಿಕೊಂಡು ಬರಲಾ?

ತಿಪಟೂರಿನಿಂದ ಪ್ರಶ್ನೆ

ನನ್ನದು 2020ರ ಬಿಎಸ್‌6 ಬೈಕು, 150 ಸಿಸಿ, 41,000 ಕಿ.ಮೀ. ಓಡಿದೆ. ಹಂಪ್ ಹತ್ತಿಸಿದರೆ ಮುಂದೆ ಕಟಕಟ ಅನ್ನುತ್ತೆ, ಮುಂದಿನ ಗಾಲಿಯ ಎಡಗಡೆ ಫೋರ್ಕಿನಲ್ಲಿ ಆಯಿಲ್ ಒಸರುತ್ತಿದೆ, ಮೈಲೇಜು 48ರಿಂದ 40ಕ್ಕೆ ಇಳಿದಿದೆ. ಶೋರೂಮಿಗೆ ಬಿಟ್ಟು ಬಂದೆ. ಮಧ್ಯಾಹ್ನ ಫೋನು: "ಸರ್, 14,400 ಆಗುತ್ತೆ, ಓಕೆ ಅಂದ್ರೆ ಕೆಲಸ ಶುರು ಮಾಡ್ತೀವಿ." ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಭಾಗ) 5,200, ಫೋರ್ಕ್ ಪೈಪ್ ಎರಡೂ ಸೇರಿ 2,400, ಚೈನ್ ಸ್ಪ್ರಾಕೆಟ್ 1,650, ಕ್ಲಚ್ ಪ್ಲೇಟ್ 820, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) 480, ಟೆಫ್ಲಾನ್ ಕೋಟಿಂಗು ಡಿಕಾರ್ಬನೈಸಿಂಗು ಅಂತ 1,050, ಉಳಿದದ್ದು ಆಯಿಲ್, ಫಿಲ್ಟರ್, ಲೇಬರ್. ಚೈನ್ ಸೆಟ್ 24,000ಕ್ಕೆ ಬದಲಾಯಿಸಿದ್ದೆ. ಥ್ರಾಟಲ್ ಬಾಡಿ ಸ್ಟಾಕ್ ಇಲ್ಲವಂತೆ, ಆರು ದಿನದಿಂದ ಗಾಡಿ ಅಲ್ಲೇ ನಿಂತಿದೆ. ಅಪ್ಪನ ಸ್ಪ್ಲೆಂಡರು ಹತ್ತೊಂಬತ್ತು ವರ್ಷ ಸಂತೆ ಬೀದಿಯ ಮೆಕ್ಯಾನಿಕ್ ಕೈಯಲ್ಲೇ ಓಡಿತು. "ಶೋರೂಮಿಗೆ ಹೋಗಿದ್ದೇ ತಪ್ಪು" ಅಂತ ದಿನಾ ಊಟಕ್ಕೆ ಕೂತಾಗ ಬೈಸಿಕೊಳ್ತಿದ್ದೀನಿ. ವಾರಂಟಿ ಮುಗಿದಿದೆ. ಅನುಭವ ಇದ್ದವರು ಹೇಳಿ.

ಹಾಸನದಿಂದ

ನಾನು 11 ವರ್ಷ ಒಬ್ಬ ಡೀಲರ್ ಹತ್ತಿರ ಪಾರ್ಟ್ಸ್ ಕೌಂಟರಿನಲ್ಲಿದ್ದೆ, ಈಗ ಬಿಟ್ಟಿದ್ದೀನಿ. ಹಾಗಾಗಿ ಬಾಯಿ ಬಿಟ್ಟು ಹೇಳಬಹುದು.

ಮೊದಲು ಫೋನಿನಲ್ಲಿ ಓಕೆ ಅನ್ನಬೇಡಿ. ಶನಿವಾರ ಬೆಳಿಗ್ಗೆ ಹೋಗಿ ಗಾಡಿ ಪಕ್ಕ ನಿಂತು ಒಂದೊಂದನ್ನೇ ತೋರಿಸಿ ಅನ್ನಿ. ಎಸ್ಟಿಮೇಟ್ ಹಿಗ್ಗುವುದೇ ಮಾಲೀಕ ಎದುರಿಗೆ ಇಲ್ಲದಾಗ.

ಫೋರ್ಕ್ ಪೈಪು: ಒಸರುತ್ತಿರುವುದು ಎಡಗಡೆ ಒಂದೇ, ಅವರು ಬರೆದಿರುವುದು ಎರಡು ಪೈಪು. ಪೈಪನ್ನು ಬಟ್ಟೆಯಲ್ಲಿ ಒರೆಸಿ ಉಗುರು ಎಳೆದು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ತುಕ್ಕು ತಿಂದು ಗುಳಿ ಬಿದ್ದಿದೆ ಅಂತ, ಪೈಪೇ ಹಾಕಬೇಕು, ಇಲ್ಲದಿದ್ದರೆ ಹೊಸ ಸೀಲನ್ನೂ ಹರಿದು ಹಾಕುತ್ತೆ. ಉಗುರು ನುಣ್ಣಗೆ ಜಾರಿತಾ, ಎರಡೂ ಕಡೆ ಆಯಿಲ್ ಸೀಲ್, ಡಸ್ಟ್ ಸೀಲ್, ಹೊಸ ಫೋರ್ಕ್ ಆಯಿಲ್ ಸಾಕು. ಐನೂರರ ಆಸುಪಾಸಿನಲ್ಲಿ ಮುಗಿಯುವ ಮಾತು.

ಕೋನ್ ಸೆಟ್: ಮೇನ್ ಸ್ಟಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು ಮುಂದಿನ ಗಾಲಿ ಎತ್ತಲಿ. ಹ್ಯಾಂಡಲ್ಲನ್ನು ಒಂದು ಬೆರಳಿನಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ. ನಡುವೆ ಬಂದಾಗ ಗೂಡಿಗೆ ಬಿದ್ದ ಹಾಗೆ ಟಕ್ ಅಂತ ನಿಂತರೆ ಹೋಗಿದೆ, ಹಾಕಿಸಿ. ನಿಮ್ಮ ಕಟಕಟ ಇದರದ್ದೇ ಅಂತ ನನ್ನ ಅನುಮಾನ.

ಚೈನು: ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಭಾಗದಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಬಿಟ್ಟುಕೊಂಡರೆ, ಇಲ್ಲ ಹಲ್ಲು ಕೊಕ್ಕೆ ಥರ ಬಾಗಿದ್ದರೆ ಬದಲಾಯಿಸಿ. 17,000 ಓಡಿದ ಚೈನಿಗೆ ಇನ್ನೂ ಜೀವ ಇರಬಹುದು.

ಥ್ರಾಟಲ್ ಬಾಡಿಗೆ 5,200 ಅಂದರಲ್ಲ, ಅಲ್ಲಿ ಗಟ್ಟಿಯಾಗಿ ನಿಲ್ಲಿ. ಮೀಟರಿನಲ್ಲಿ ಎಂಜಿನ್ ಲೈಟ್ ಉರಿಯುತ್ತಿದೆಯಾ? ಸ್ಕ್ಯಾನರ್ ಹಾಕಿದಾಗ ಯಾವ ಎರರ್ ಕೋಡ್ ಬಂತು? ಕೋಡೇ ಇಲ್ಲ ಅಂದರೆ ಬಿಚ್ಚಿ ಕಾರ್ಬನ್ ಕ್ಲೀನ್ ಮಾಡಿ ಐಡಲ್ ಸೆಟ್ ಮಾಡಿಕೊಡಿ, ಹದಿನೈದು ದಿನ ಓಡಿಸಿ ನೋಡ್ತೀನಿ ಅನ್ನಿ. ಮೈಲೇಜು ಇಳಿಯುವುದಕ್ಕೆ ಕಟ್ಟಿಕೊಂಡ ಏರ್ ಫಿಲ್ಟರ್, ಗಾಳಿ ಇಲ್ಲದ ಟೈರು, ಹಿಡಿದುಕೊಂಡ ಬ್ರೇಕು, ಇವೂ ಕಾರಣ. ಕಾರ್ಬುರೇಟರ್ ಕಾಲದಲ್ಲಿ ಜೆಟ್ ಬಿಚ್ಚಿ ಊದಿ ಹಾಕುತ್ತಿದ್ದೆವು. ಈಗಿನ ಹುಡುಗರಿಗೆ ಹೇಳಿಕೊಟ್ಟಿರುವುದು ಅಸೆಂಬ್ಲಿ ಬಿಚ್ಚು, ಅಸೆಂಬ್ಲಿ ಹಾಕು. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಕಂಪನಿ ಎಷ್ಟೋ ಐಟಮ್ಮುಗಳ ಒಳಗಿನ ಬಿಡಿಭಾಗಕ್ಕೆ ಪಾರ್ಟ್ ನಂಬರನ್ನೇ ಕೊಟ್ಟಿರುವುದಿಲ್ಲ. ಐವತ್ತು ರೂಪಾಯಿಯ ಪ್ಲಾಸ್ಟಿಕ್ ಗೇರು ಸವೆದರೂ ಇಡೀ ಮೀಟರೇ ಕೊಳ್ಳಬೇಕು ಅಂತ ಗಿರಾಕಿಗೆ ಹೇಳುವಾಗ ಕೌಂಟರಿನಲ್ಲಿ ಕೂತು ನಮಗೇ ಕಸಿವಿಸಿ ಆಗುತ್ತಿತ್ತು.

ಟೆಫ್ಲಾನ್, ಡಿಕಾರ್ಬನೈಸಿಂಗ್ ಎರಡನ್ನೂ ಎಸ್ಟಿಮೇಟಿನಿಂದ ಹೊಡೆದು ಹಾಕಿಸಿ, ಬೇಡ. ನಮ್ಮಲ್ಲಿ ಅಡ್ವೈಸರುಗಳಿಗೆ (ಗಾಡಿ ತಗೊಂಡು ಎಸ್ಟಿಮೇಟ್ ಬರೆಯುವವರು) ತಿಂಗಳಿಗೆ ಇಷ್ಟು ಟೆಫ್ಲಾನ್ ಅಂತ ಟಾರ್ಗೆಟ್ಟೇ ಇತ್ತು. ತಿಂಗಳ ಕೊನೆಯ ವಾರ ಬಂದ ಗಾಡಿಗಳೆಲ್ಲ ಪಳಪಳ ಹೊಳೆಯುತ್ತಿದ್ದವು.

ಬಿಲ್ಲಿನ ವಿಷಯ. ಪ್ಯಾಕೆಟ್ಟಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿದೆ. ಕೋನ್ ಸೆಟ್ ಪ್ಯಾಕೆಟ್ ಮೇಲೆ 480 ಇದ್ದರೆ ಬಿಲ್ಲಿನಲ್ಲಿ 406.78, ಜಿಎಸ್‌ಟಿ 73.22, ಒಟ್ಟು 480 ಬರಬೇಕು. 480ರ ಮೇಲೆ ಮತ್ತೆ 18% ಹಾಕಿದರೆ ಅದು ಕಾನೂನಿಗೆ ವಿರುದ್ಧ, ಅಲ್ಲೇ ಕೇಳಿ. ಲೇಬರಿಗೆ ಮಾತ್ರ ಜಿಎಸ್‌ಟಿ ಬೇರೆ ಬರುತ್ತೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ಸ್ಟಾಕಿನ ಪ್ಯಾಕೆಟ್ ಕೊಟ್ಟು ಹಳೇ ಎಂಆರ್‌ಪಿಯನ್ನೇ ಬಿಲ್ ಮಾಡಿದ್ದಾರಾ ನೋಡಿಕೊಳ್ಳಿ.

ಬಿಚ್ಚಿದ ಹಳೇ ಪಾರ್ಟ್ಸ್ ವಾಪಸ್ ಬೇಕು ಅಂತ ಜಾಬ್ ಕಾರ್ಡಿನ (ಮಾಡಬೇಕಾದ ಕೆಲಸ ಬರೆದುಕೊಳ್ಳುವ ಶೋರೂಮಿನ ಚೀಟಿ) ಮೇಲೆ ಈಗಲೇ ಬರೆಸಿ. ಕೆಲಸ ಆದಮೇಲೆ ಕೇಳಿದರೆ "ಸ್ಕ್ರ್ಯಾಪಿಗೆ ಹೋಯ್ತು ಸರ್" ಅನ್ನುತ್ತಾರೆ. ಸ್ಟಾಕ್ ಇಲ್ಲದ್ದಕ್ಕೆ "ವಿಓಆರ್ ಆರ್ಡರ್ ಹಾಕಿದ್ದೀರಾ, ನಂಬರ್ ಕೊಡಿ" ಅನ್ನಿ. ಗಾಡಿ ನಿಂತೇ ಹೋಗಿದೆ ಅಂತ ಕಂಪನಿಗೆ ಕಳಿಸುವ ಅರ್ಜೆಂಟ್ ಆರ್ಡರದು. ಆ ಹೆಸರು ಗಿರಾಕಿ ಬಾಯಲ್ಲಿ ಬಂದರೆ ಕೌಂಟರಿನವರು ಕುರ್ಚಿಯಲ್ಲಿ ಸ್ವಲ್ಪ ನೇರ ಕೂರುತ್ತಾರೆ.

ಹುಬ್ಬಳ್ಳಿಯಿಂದ

ಹಾಸನದವ್ರು ಹೇಳಿದ್ದು ಖರೆ ಐತಿ. ಆದ್ರ ಹೊರಗ ಮಾಡಸ್ತೀನಿ ಅಂತ ಹೋಗಿ ನಾ ಅನುಭವಿಸಿದ್ದೂ ಕೇಳ್ರಿ. ಬ್ರೇಕ್ ಶೂ ಶೋರೂಮಿನ ಅರ್ಧಾ ರೇಟಿಗೆ ಸಿಕ್ತು ಅಂತ ಖುಷೀಲೆ ಹಾಕಿಸಿದೆ. ಡಬ್ಬಿ ನೋಡಿದ್ರ ಥೇಟ್ ಕಂಪನಿದ. ಮೂರ ತಿಂಗಳಿಗೆ ಲೈನರ್ ಶೂದಿಂದ ಕಿತ್ತು ಡ್ರಮ್ಮಿನಾಗ ಸಿಕ್ಕೊಂಡು, ನವಲೂರ ಹತ್ರ ಹಿಂದಿನ ಗಾಲಿ ಜಾಮ್. ಹಿಂದ ಲಾರಿ ಇರಲಿಲ್ಲ ಅಂತ ಇವತ್ತ ಇದನ್ನ ಬರೀಲಿಕತ್ತೀನಿ.

ಅದಕ್ಕ ನಂದೊಂದು ರೂಢಿ ಆಗೇತಿ. ಬ್ರೇಕಿಂದು, ಕೇಬಲ್ಲು ಕಂಪನಿ ಕೌಂಟರಿನಾಗ ರೊಕ್ಕ ಕೊಟ್ಟು ತಗೊಂಡು ನಮ್ಮ ಮೇಸ್ತ್ರಿ ಕಡೆ ಹಾಕಸ್ತೀನಿ. ಚೈನಿಗೆ ರೋಲಾನ್, ಶಾಕಪ್ಸರಿಗೆ ಗೇಬ್ರಿಯಲ್, ಬೇರಿಂಗಿಗೆ ಎಸ್‌ಕೆಎಫ್, ಹಿಂಗ ಪಾರ್ಟ್ ಮಾಡಾವರದ ಡಬ್ಬಿ ಹುಡುಕಿದ್ರ ಭಾಳ ಸಲ ಕಡಿಮಿಗೆ ಸಿಗತಾವ. ಗಾಡಿ ಕಂಪನಿಯವ್ರೇನು ಚೈನ್, ಬೇರಿಂಗ್ ತಾವ ಮಾಡತಾರೇನ್ರಿ? ಇಂಥಾವರ ಕಡೆನ ತಗೊಂಡು ತಮ್ಮ ಚೀಟಿ ಹಚ್ಚತಾರ. ಬಿಲ್ಲ ಕೊಡಂಗಿಲ್ಲ ಅನ್ನೋ ಅಂಗಡಿ ಮಾತ್ರ ಬ್ಯಾಡ. ಎಂಜಿನ್ ಆಯಿಲ್ ಖಾಲಿ ಡಬ್ಬಿ ಮ್ಯಾಲಿನ ಮುಚ್ಚಳಾ ಒಡದ ಬಿಸಾಕ್ರಿ, ಇಲ್ಲಂದ್ರ ಮತ್ತ ತುಂಬಿ ಮಾರತಾರ.

ಉಡುಪಿಯಿಂದ

ಒಂದೇ ಮಾತು. ಸರ್ವಿಸಿಗೆ ಬಿಟ್ಟಾಗ ಪ್ರೆಶರ್ ವಾಶ್ ಹ್ಯಾಂಡಲ್ ಬುಡಕ್ಕೆ, ಗಾಲಿಯ ಆಕ್ಸಲಿಗೆ ನೇರ ಹಿಡಿಯಬೇಡಿ ಅಂತ ಹೇಳಿ ಮಾರಾಯ್ರೆ. ಒಳಗಿನ ಗ್ರೀಸೆಲ್ಲ ತೊಳೆದು ಹೋಗಿ ನೀರು ಕೂತುಕೊಳ್ತದೆ. ನಮ್ಮಲ್ಲಿ ಮೊದಲೇ ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ. ಎರಡು ವರ್ಷದಲ್ಲಿ ಮೂರು ಕೋನ್ ಸೆಟ್ ಹಾಕಿಸಿದ ಮೇಲೆ ಒಬ್ಬ ಹಳೇ ಮೆಕ್ಯಾನಿಕ್ ಇದನ್ನು ಹೇಳಿದ್ದು. ಈಗ ನಾನೇ ಬಕೆಟು, ಚೊಂಬು ಹಿಡಿದು ತೊಳೆಯುವುದು. ನಾಲ್ಕನೆಯದ್ದು ಇನ್ನೂ ಹಾಕಿಸಿಲ್ಲ.

ಮೈಸೂರಿನಿಂದ

ಕೇಳಿದವರಿಗೆ ಇದರಿಂದ ಉಪಯೋಗ ಇಲ್ಲ, ಆದರೂ ಹೊಟ್ಟೆ ಉರಿದು ಬರೀತಿದ್ದೀನಿ. ನನ್ನ ಹತ್ತಿರ ಎರಡು ಗಾಡಿ. ಒಂದು ಯೆಜ್ಡಿ. ಅದನ್ನು ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ನಮ್ಮ ಯಾದವಗಿರಿಯಲ್ಲಿ 1996ರಲ್ಲೇ ಬಾಗಿಲು ಹಾಕಿತು. ಅದರ ಪಾಯಿಂಟು, ಪಿಸ್ಟನ್ ರಿಂಗು, ಕ್ಲಚ್ ಕಾರ್ಕ್ ಕೇಳಿದರೆ ಇವತ್ತಿಗೂ ಎರಡು ದಿನದಲ್ಲಿ ಕೈಗೆ ಬರುತ್ತೆ, ಸಿಗದ್ದನ್ನು ಲೇತಿನಲ್ಲಿ ಕಡೆಸಿಕೊಡುವವರಿದ್ದಾರೆ. ಇನ್ನೊಂದು ನಾಲ್ಕು ವರ್ಷದ ಹೊಸ ಬೈಕು, ಶೋರೂಮು ಮನೆಯಿಂದ ಒಂದೂವರೆ ಕಿ.ಮೀ. ಅದರ ಸೈಡ್ ಸ್ಟಾಂಡ್ ಸ್ವಿಚ್ಚಿಗೆ 23 ದಿನ ಕಾದೆ. ಆ ಸ್ವಿಚ್ಚು ಇಲ್ಲದೆ ಗಾಡಿ ಸ್ಟಾರ್ಟೇ ಆಗಲ್ಲ. ಅಷ್ಟೂ ದಿನ ಆಫೀಸಿಗೆ ಯೆಜ್ಡಿಯಲ್ಲೇ ಹೋದೆ.

ಬೆಂಗಳೂರಿನಿಂದ

ಬಿಡಿಭಾಗದ ಅಂಗಡಿಗಳಿರುವ ಇಲ್ಲಿನ ಜೆ.ಸಿ. ರಸ್ತೆಗೆ ಬರುವವರು ಹಳೇ ಪಾರ್ಟ್ ಜೇಬಿನಲ್ಲೇ ಇಟ್ಟುಕೊಂಡು ಬನ್ನಿ. ಮಾಡೆಲ್ ಹೆಸರು ಹೇಳಿದರೆ ಒಂದು ಕೊಡ್ತಾರೆ, ಮನೆಗೆ ಹೋಗಿ ನೋಡಿದರೆ ಎರಡು ಮಿ.ಮೀ. ವ್ಯತ್ಯಾಸ. ಮೂರು ಅಂಗಡಿಯಲ್ಲಿ ಕೇಳಿ ಆಮೇಲೆ ಜೇಬಿಗೆ ಕೈ ಹಾಕಿ.

ದೂರಿನ ವಿಷಯ ಯಾರೂ ಹೇಳಿಲ್ಲ. ನನಗೆ ಒಮ್ಮೆ ಹಾಕದೇ ಇದ್ದ ಪಾರ್ಟಿಗೆ ಬಿಲ್ ಮಾಡಿದ್ದರು. ಜಾಬ್ ಕಾರ್ಡಿನ ಫೋಟೋ, ಬಿಲ್ಲು, ಹಾಕಿಯೇ ಇಲ್ಲದ ಜಾಗದ ಫೋಟೋ ಮೂರನ್ನೂ ಕಂಪನಿಯ ಕಸ್ಟಮರ್ ಕೇರಿಗೆ ಮೇಲ್ ಮಾಡಿದೆ, ಉತ್ತರ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಒಂಬತ್ತನೇ ದಿನ ಡೀಲರೇ ಫೋನ್ ಮಾಡಿ ದುಡ್ಡು ವಾಪಸ್ ಹಾಕಿದರು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಆದರೆ ಬಾಯಿಮಾತಿನಲ್ಲಿ ಆದ ಎಸ್ಟಿಮೇಟ್ ಹಿಡಿದುಕೊಂಡು ಹೋದರೆ ಏನೂ ನಡೆಯಲ್ಲ, ಎಲ್ಲವನ್ನೂ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ಹೊರಗಿನ ಗ್ಯಾರೇಜಿಗೆ ಪಾರ್ಟ್ಸು, ಡಯಾಗ್ನಾಸ್ಟಿಕ್ ಟೂಲ್ಸು ಸಿಗದ ಹಾಗೆ ಮಾಡಿದ್ದಕ್ಕೆ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಎರಡೂವರೆ ಸಾವಿರ ಕೋಟಿ ಮೀರಿ ದಂಡ ಹಾಕಿತ್ತು. ಅದು ಕಾರಿನವರ ಕಥೆ, ರೋಗ ಮಾತ್ರ ನಮ್ಮದೇ.

ತಿಪಟೂರಿನಿಂದ, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಉಗುರು ಎಳೆದು ನೋಡಿದವರು ಅವರೇ. ಎರಡೂ ಪೈಪು ನುಣ್ಣಗಿತ್ತು. ಅಡ್ವೈಸರ್ ಒಂದು ನಿಮಿಷ ಸುಮ್ಮನಿದ್ದು "ಸೀಲ್ ಹಾಕಿ ನೋಡೋಣ ಸರ್" ಅಂದ. ಎರರ್ ಕೋಡ್ ಕೇಳಿದೆ, ಸ್ಕ್ಯಾನರ್ ಹಾಕಿಯೇ ಇರಲಿಲ್ಲ. ನಮ್ಮೆದುರೇ ಹಾಕಿದರು, ಕೋಡ್ ಇಲ್ಲ. ಥ್ರಾಟಲ್ ಬಾಡಿ ಕ್ಲೀನಿಂಗ್ ಅಂತ 450 ಆಯಿತು. ಏರ್ ಫಿಲ್ಟರ್ ತೆಗೆದರೆ ಒಳಗೆ ಇರುವೆ ಗೂಡಿನಷ್ಟು ಮಣ್ಣು. ಕ್ಲಚ್ಚು ಕೇಬಲ್ ಅಡ್ಜಸ್ಟ್ ಮಾಡಿದರೆ ಸರಿ ಇದೆ, ಚೈನು ಕಾಲು ಹಲ್ಲಿನಷ್ಟೂ ಬಿಡಲಿಲ್ಲ. ಕೊನೆಗೆ ಬಿಲ್ 4,180.

ಕೋನ್ ಸೆಟ್ ಮಾತ್ರ ಶೋರೂಮಿನವರು ಹೇಳಿದ್ದೇ ನಿಜ. ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಗ್ರೀಸ್ ಒರೆಸಿ ಬಿಸಿಲಿಗೆ ಹಿಡಿದರೆ ಬಟ್ಟಲಿನ ಒಳಸುತ್ತು ಬೇರಿಂಗಿನ ಒಂದೊಂದು ಗುಂಡು ಕೂತ ಕಡೆಯೂ ಒಂದೊಂದು ಗುಳಿ, ಅಳತೆ ಹಿಡಿದು ಕೊರೆದ ಹಾಗೆ, ಗುಳಿಯೊಳಗೆ ಕೆಂಪು ತುಕ್ಕು. ಅಪ್ಪ ಅದನ್ನು ಟಿವಿ ಪಕ್ಕ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸ್ತಿದ್ದಾರೆ.

ಕಟಕಟ ನಿಂತಿದೆ. ಮೈಲೇಜು ಇನ್ನೂ ಒಂದು ಟ್ಯಾಂಕ್ ಖಾಲಿ ಆದಮೇಲೆ ಹೇಳ್ತೀನಿ. ಆದರೆ ಈಗ ಹಾರ್ನ್ ಕೆಲಸ ಮಾಡ್ತಿಲ್ಲ, ಶೋರೂಮಿಗೆ ಬಿಡುವಾಗ ಮಾಡ್ತಿತ್ತು. ಫೋನ್ ಮಾಡಿದ್ದಕ್ಕೆ "ಸೋಮವಾರ ತಗೊಂಡು ಬನ್ನಿ ಸರ್, ಚೆಕ್ ಮಾಡಿ ಎಸ್ಟಿಮೇಟ್ ಕೊಡ್ತೀವಿ" ಅಂದರು.