34ರ ಸ್ಟ್ರೈಕರ್‌ಗೆ ಎರಡು ವರ್ಷದ ಕಾಂಟ್ರ್ಯಾಕ್ಟ್: ಸರೀನಾ?

ಎಂಟನೇ ನಂಬರ್ (ಪ್ರಶ್ನೆ):
ನಾನು ಹದಿನೈದು ವರ್ಷದಿಂದ ಬೆನ್ನಿಗೆ ನಿಂತಿರೋ ಫುಟ್‌ಬಾಲ್ ಕ್ಲಬ್ಬು 34 ವರ್ಷದ ಸ್ಟ್ರೈಕರ್ (ಗೋಲು ಹೊಡೆಯೋ ಮುಂದಿನ ಆಟಗಾರ) ಒಬ್ಬರನ್ನ ಕರ್ಕೊಳ್ತಿದೆ. ಹಳೇ ಕ್ಲಬ್ ಜೊತೆ ಕಾಂಟ್ರ್ಯಾಕ್ಟ್ ಮುಗಿದಿದೆ, ಹಾಗಾಗಿ ಟ್ರಾನ್ಸ್‌ಫರ್ ಹಣ ಅಂತ ಆ ಕ್ಲಬ್ಬಿಗೆ ಏನೂ ಕೊಡಬೇಕಿಲ್ಲ. ಆದ್ರೆ ಎರಡು ವರ್ಷದ ಮಾತು, ತಂಡದಲ್ಲೇ ದೊಡ್ಡ ಸಂಬಳ. ಅದೇ ಜಾಗಕ್ಕೆ ನಮ್ಮಲ್ಲೇ ಬೆಳೆದ 19ರ ಹುಡುಗ ಇದ್ದಾನೆ. ಕಳೆದ ಸೀಸನ್ ಕೊನೇ ಆರು ಪಂದ್ಯದಲ್ಲಿ ಜೀವ ಕೊಟ್ಟು ಆಡಿದ. ಈಗ ಅವನು ಬೆಂಚಲ್ಲಿ ಕೂರಬೇಕಾ? ವಯಸ್ಸಾದ ಆಟಗಾರರನ್ನ ತರೋದು ಯಾವಾಗ ಸರಿ, ಯಾವಾಗ ತಪ್ಪು? ಅನುಭವ ಇರೋರು ಹೇಳಿ.

ಕಾರ್ನರ್ ಫ್ಲ್ಯಾಗ್:
ತರಬಾರದು. 2021ರಲ್ಲಿ ರೊನಾಲ್ಡೊ 36ನೇ ವಯಸ್ಸಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ವಾಪಸ್ ಬಂದರು. ಲೀಗ್‌ನಲ್ಲಿ 18 ಗೋಲು ಹೊಡೆದರು, ಅದರಲ್ಲಿ ತಕರಾರಿಲ್ಲ. ಆದರೆ ಹಿಂದಿನ ಸೀಸನ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ತಂಡ ಆರಕ್ಕೆ ಇಳೀತು. ಒಬ್ಬರು ಪ್ರೆಸ್ ಮಾಡದಿದ್ದರೆ, ಅಂದ್ರೆ ಚೆಂಡು ಕಸಿಯೋಕೆ ಎದುರಾಳಿ ಮೇಲೆ ಓಡಿ ಬೀಳದಿದ್ದರೆ, ಗೋಲ್‌ಕೀಪರ್ ಬಿಟ್ಟು ಉಳಿದ ಒಂಬತ್ತು ಜನ ಆ ಓಟ ಹಂಚಿಕೊಳ್ಳಬೇಕು. ಮೇಲಾಗಿ ಮುಂದೆ ಮಾರಿದರೆ ಒಂದು ಪೈಸೆಯೂ ವಾಪಸ್ ಬರಲ್ಲ.

ಹಳೇ ಸ್ಟಾಪರ್:
ಕೆಳಗಿನ ಡಿವಿಷನ್‌ನಲ್ಲಿ ಹನ್ನೊಂದು ವರ್ಷ ಸೆಂಟರ್ ಬ್ಯಾಕ್ (ನಮ್ಮ ಗೋಲಿನ ಮುಂದೆ ನಿಂತು ತಡೆಯೋ ಡಿಫೆಂಡರ್) ಆಡಿದ್ದೀನಿ. ನನಗೆ 23 ಇದ್ದಾಗ ನನ್ನ ಪಕ್ಕ ಆಡೋಕೆ 36ರವರೊಬ್ಬರನ್ನ ತಂದರು. ಮೊದಲ ದಿನದ ಓಟದಲ್ಲಿ ಅವರೇ ಕೊನೆ. ಇವರ ಪಾಲಿನ ಓಟವನ್ನೂ ನಾನೇ ಓಡಬೇಕಲ್ಲ ಅಂತ ನನಗೆ ನಿಜವಾಗಲೂ ಸಿಟ್ಟು ಬಂದಿತ್ತು.

ಆಮೇಲೆ ಪಂದ್ಯದಲ್ಲಿ ನೋಡಿದೆ. ಚೆಂಡು ಅಂಚಲ್ಲಿ ಓಡೋ ಎದುರಾಳಿ ವಿಂಗರ್ ಕಾಲಲ್ಲಿ, ಅವನಿನ್ನೂ ತಲೆ ಎತ್ತಿಲ್ಲ. ಅಷ್ಟರಲ್ಲಿ ಇವರು ಎಡ ಭುಜದ ಮೇಲಿಂದ ಒಂದು ಸಲ, ಬಲ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡಿ ಆಗಿರುತ್ತಿತ್ತು. ಎರಡು ಹೆಜ್ಜೆ ಹಿಂದಕ್ಕೆ ಸರಿದು, ನನ್ನ ತೋಳು ಹಿಡಿದು ಒಂದು ಗಜ ಪಕ್ಕಕ್ಕೆ ಎಳೆಯೋರು. ಬಾಯಿ ಬಿಟ್ಟು ಏನೂ ಹೇಳ್ತಿರಲಿಲ್ಲ. ಅವನು ಅಂಚಿಂದ ಗೋಲಿನ ಮುಂದಕ್ಕೆ ಎತ್ತಿ ಹೊಡೆದ ಕ್ರಾಸ್ ನೇರ ನನ್ನ ಹಣೆಗೆ ಬರೋದು! ಆ ಸೀಸನ್ ನಾನು ಕಲಿತಷ್ಟು ಬೇರೆ ಯಾವ ಕೋಚ್ ಹತ್ತಿರವೂ ಕಲಿಯಲಿಲ್ಲ.

ಎರಡನೇ ಸೀಸನ್ ಕಥೆ ಬೇರೆ. ಬುಧವಾರ ಆಡಿದರೆ ಶನಿವಾರಕ್ಕೆ ಮೈ ಸುಧಾರಿಸ್ತಿರಲಿಲ್ಲ. ಆದರೂ ಆಡಿಸಿದರು, ಬೇರೆ ಯಾರೂ ಇರಲಿಲ್ಲ. ತೊಡೆ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹಿಡೀತು, ವಾಸಿಯಾಗೋ ಮೊದಲೇ ಇಳಿಸಿದರು, ಮತ್ತೆ ಹಿಡೀತು. ಕ್ಲಬ್ ಮೂರು ವರ್ಷಕ್ಕೆ ಸಹಿ ಮಾಡಿಸಿಕೊಂಡಿತ್ತು, ಇನ್ನೊಬ್ಬರನ್ನ ತರೋಕೆ ದುಡ್ಡು ಉಳಿದಿರಲಿಲ್ಲ. ಕೊನೆಗೆ ನಮ್ಮ ಜನವೇ ಅವರನ್ನ ಹೀಯಾಳಿಸಿದರು. ಅವರು ತಲೆ ತಗ್ಗಿಸಿ ಶೂ ಲೇಸ್ ಬಿಚ್ಚುತ್ತಾ ಕೂತಿದ್ದು ನನ್ನ ಕಣ್ಣಿಂದ ಹೋಗಿಲ್ಲ. ಅವರು ಮಾಡಿದ ತಪ್ಪು ಏನು? 36ರವರಿಂದ 26ರ ಕೆಲಸ ಕೇಳಿದ್ದು ಕ್ಲಬ್.

ಅದಕ್ಕೇ ನಾನು ವಯಸ್ಸು ಕೇಳಲ್ಲ, ಕೆಲಸ ಯಾವುದು ಅಂತ ಕೇಳ್ತೀನಿ. ಡಿಫೆಂಡರ್ ತಿಯಾಗೊ ಸಿಲ್ವ 2020ರಲ್ಲಿ ಚೆಲ್ಸಿಗೆ ಬಂದಾಗ 35. ಕೋಚ್ ಟುಕೆಲ್ ಡಿಫೆನ್ಸ್‌ನಲ್ಲಿ ಮೂವರನ್ನ ನಿಲ್ಲಿಸಿ ಅವರನ್ನ ನಡುವೆ ಇಟ್ಟರು. ಅಂಚಿನ ಕಡೆ ಓಡೋ ಹೊಣೆ ಅಕ್ಕಪಕ್ಕದವರದ್ದು, ಆಟ ಓದೋದು ಇವರದ್ದು. ಮುಂದಿನ ಮೇ ತಿಂಗಳಲ್ಲಿ ಯುರೋಪಿನ ದೊಡ್ಡ ಕಪ್ಪು ಚಾಂಪಿಯನ್ಸ್ ಲೀಗ್ ಚೆಲ್ಸಿ ಕೈಗೆ ಬಂತು. ಅವರು ನಾಲ್ಕು ಸೀಸನ್ ಉಳಿದರು.

2006ರ ಚಾಂಪಿಯನ್ಸ್ ಲೀಗ್ ಫೈನಲ್ ಸಿಕ್ಕರೆ ಇನ್ನೊಮ್ಮೆ ನೋಡಿ. ಬಾರ್ಸಿಲೋನಾ ಒಂದು ಗೋಲು ಹಿಂದಿದ್ದಾಗ, ಒಂದು ಗಂಟೆ ಆಟ ಆದಮೇಲೆ 34ರ ಸ್ಟ್ರೈಕರ್ ಲಾರ್ಸನ್ ಇಳಿದರು. ಎಟೊ ಗೋಲಿಗೂ ಬೆಲ್ಲೆಟ್ಟಿ ಗೋಲಿಗೂ ಪಾಸ್ ಕೊಟ್ಟವರು ಅವರೇ. ಅರ್ಧ ಗಂಟೆ ಕೆಲಸ, ಕಪ್ ಕೈಗೆ. ಅದೇ ಪಂದ್ಯದಲ್ಲಿ ಎದುರಾಳಿ ಆರ್ಸೆನಲ್‌ನ ಪಿರೆಸ್ ಇದ್ದರು, 32 ವರ್ಷ. ಮೂವತ್ತು ದಾಟಿದವರಿಗೆ ಒಂದೊಂದೇ ವರ್ಷ ಅನ್ನೋದು ಆಗಿನ ಆರ್ಸೆನಲ್ ಕೋಚ್ ವೆಂಗರ್ ಪದ್ಧತಿ ಆಗಿತ್ತು. ಪಿರೆಸ್‌ಗೆ ಎರಡು ವರ್ಷ ಬೇಕಿತ್ತು, ಸ್ಪೇನ್‌ನ ವಿಲ್ಲಾರಿಯಲ್‌ಗೆ ಹೋದರು. ಹೋದವರೇ ಮೊಣಕಾಲು ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹೊರಗೆ. ವೆಂಗರ್ ಲೆಕ್ಕ ಸರಿ ಅನ್ನಿಸುತ್ತೆ ಅಲ್ವಾ? ಆದರೆ 2008ರಲ್ಲಿ ವಿಲ್ಲಾರಿಯಲ್ ಸ್ಪೇನ್‌ನ ಲೀಗ್ ಲಾ ಲಿಗಾದಲ್ಲಿ ಎರಡನೇ ಸ್ಥಾನಕ್ಕೆ ಬಂದಾಗ ಆ ತಂಡದಲ್ಲಿ ಪಿರೆಸ್ ಆಡ್ತಿದ್ದರು. ನನಗೆ ಆ ಕಥೆಯ ಈ ಎರಡನೇ ಅರ್ಧ ತುಂಬಾ ಇಷ್ಟ.

ನಿಮ್ಮ ಕೋಚ್ ತೊಂಬತ್ತು ನಿಮಿಷ ಮೇಲೆ ನುಗ್ಗಿ ಪ್ರೆಸ್ ಮಾಡಿಸೋರಾದರೆ ಈ ಸಹಿ ಬೇಡ. ಕಾಂಟ್ರ್ಯಾಕ್ಟ್ ಒಂದು ವರ್ಷ, ಇಂತಿಷ್ಟು ಪಂದ್ಯ ಆಡಿದರೆ ಇನ್ನೊಂದು ಅಂತಿದ್ದರೆ ನಾನು ಒಪ್ತೀನಿ. ಹುಡುಗನನ್ನ ಮಾತ್ರ ದೂರ ಕಳಿಸಬಾರದು. ಆ ಸ್ಟ್ರೈಕರ್ ಪಕ್ಕದಲ್ಲೇ ಪ್ರಾಕ್ಟೀಸ್ ಮಾಡಲಿ.

ಎರಡನೇ ಪೋಸ್ಟ್:
ಸ್ಟಾಪರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 2020ರಲ್ಲಿ ಬಾರ್ಸಿಲೋನಾ ತನ್ನ ಸ್ಟ್ರೈಕರ್ ಸುವಾರೆಸ್‌ಗೆ 33 ಆಯ್ತು ಅಂತ ಬಿಟ್ಟುಕೊಡ್ತು. ಅಟ್ಲೆಟಿಕೊಗೆ ಹೋಗಿ ಲೀಗ್‌ನಲ್ಲಿ 21 ಗೋಲು. ಕೊನೇ ದಿನ ವಯ್ಯಾಡೊಲಿಡ್ ವಿರುದ್ಧ ಗೆಲುವಿನ ಗೋಲೂ ಅವರದೇ, ಪ್ರಶಸ್ತಿ ಅಟ್ಲೆಟಿಕೊಗೆ. ಯಾರನ್ನ ತರಬೇಕು ಅನ್ನೋದರಲ್ಲಿ ಮಾತ್ರ ಅಲ್ಲ, ಯಾರನ್ನ ಬಿಡಬೇಕು ಅನ್ನೋದರಲ್ಲೂ ಕ್ಲಬ್ಬುಗಳು ಎಡವುತ್ತವೆ.

ಕಾರ್ನರ್ ಫ್ಲ್ಯಾಗ್:
ಸುವಾರೆಸ್ ವಿಷಯ ಒಪ್ಪಿದೆ. ಆದರೆ ಗೆದ್ದವರ ಹೆಸರು ಮಾತ್ರ ನಮಗೆ ನೆನಪಿರುತ್ತೆ. ಸ್ಟಾಪರ್ ಸರ್ ಪಕ್ಕ ಆಡಿದವರ ತರಹದವರ ಲೆಕ್ಕ ಯಾರು ಇಟ್ಟಿದ್ದಾರೆ?

ಹಳೇ ಸ್ಟಾಪರ್:
ನಿಜ. ನಾನೂ ಅದನ್ನೇ ಹೇಳ್ತಿರೋದು. ಅವರು ಒಂದೇ ಸೀಸನ್‌ಗೆ ಬಂದಿದ್ದರೆ ಆ ಊರಿನ ಜನ ಇವತ್ತಿಗೂ ಅವರ ಹೆಸರು ಹೇಳ್ತಿದ್ದರು.

ಎಂಟನೇ ನಂಬರ್:
ಎಲ್ಲರಿಗೂ ಧನ್ಯವಾದ. ಸಂಜೆ ಸುದ್ದಿ ಬಂತು, ಒಂದು ವರ್ಷಕ್ಕೆ ಸಹಿ ಆಗಿದೆ, ಪಂದ್ಯಗಳ ಲೆಕ್ಕದ ಮೇಲೆ ಇನ್ನೊಂದು. ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಹುಡುಗನನ್ನ ಜನವರಿವರೆಗೆ ಲೋನ್ ಮೇಲೆ ಬೇರೆ ಕ್ಲಬ್ಬಿಗೆ ಆಡೋಕೆ ಕಳಿಸ್ತಾರಂತೆ. ಅದನ್ನ ಮಾತ್ರ ನನಗೆ ಒಪ್ಪೋಕೆ ಆಗ್ತಿಲ್ಲ.